ಹಿಂದಿನ ಜೇಬಿನ ಕವಳದ ಡಬ್ಬಿ

ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಖಾಸಗಿ ಬಸ್ಸಿಗೆ ನಾನು ಡ್ರೈವರ್. ಬಾಯಲ್ಲಿ ಕವಳವಿಲ್ಲದೆ ಸ್ಟೇರಿಂಗ್ ಹಿಡಿದವನಲ್ಲ. ಎಲೆ, ಅಡಿಕೆ, ಸುಣ್ಣ ತುಂಬಿದ ಸ್ಟೀಲ್ ಡಬ್ಬಿ ಖಾಕಿ ಪ್ಯಾಂಟಿನ ಬಲಗಡೆಯ ಹಿಂದಿನ ಜೇಬಿನಲ್ಲೇ ಇರಬೇಕು. ಎದುರಿಗೆ ಇಟ್ಟರೆ ಹತ್ತಿದವರೆಲ್ಲ ಕೈ ಹಾಕುತ್ತಾರೆ. ಕವಳದ ವಿಷಯದಲ್ಲಿ ನಾನು ಕಡು ಜಿಪುಣ.

ಎರಡು ವರ್ಷದ ಹಿಂದೆ ಸೊಂಟದ ಕೆಳಗೆ, ಬಲಗಡೆಯ ಕುಂಡೆಯಲ್ಲಿ ನೋವು ಶುರುವಾಯಿತು. ಅಂಥ ಜಾಗದ ನೋವನ್ನು ಯಾರಿಗೆಂದು ಹೇಳುವುದು? ಹೆಂಡತಿಗೆ ಮಾತ್ರ, "ಸೊಂಟ ಹಿಡ್ಕಂಡಿದೆ ಮಾರಾಯ್ತಿ" ಎಂದೆ. ಅವಳು ಎಣ್ಣೆ ಕಾಯಿಸಿ ತಿಕ್ಕಿದಳು. ನೋವು ಹೋಗುವ ಬದಲು ತೊಡೆಯ ಹಿಂಭಾಗಕ್ಕೆ ಇಳಿಯಿತು. ಕಾಲು ಜುಮ್ಮೆನ್ನತೊಡಗಿದಾಗ ನಿಜಕ್ಕೂ ಹೆದರಿದೆ. ಬ್ರೇಕ್ ತುಳಿಯುವುದು ಅದೇ ಕಾಲು. ಡಿಸ್ಕ್ ಜಾರಿದೆ ಎಂದುಬಿಟ್ಟರೆ ಡ್ರೈವಿಂಗ್ ಮುಗಿದಂತೆ, ಬೇರೆ ಕೆಲಸ ನನಗೆ ಬಾರದು. ಬಾಯಿ ಮುಚ್ಚಿಕೊಂಡು ಓಡಿಸಿದೆ. ಅದು ತಪ್ಪೇ.

ಆಗಲೇ ನಮ್ಮ ಕಂಡಕ್ಟರ್ ಹೊಸ ವರಸೆ ತೆಗೆದ. ಹೊಸನಗರ ಸ್ಟ್ಯಾಂಡಿಗೆ ಬಂದ ಕೂಡಲೇ, "ಅಣ್ಣಾ, ಹಿಂದಿನ ಟೈರ್ ಒಂಚೂರು ನೋಡಿ ಬನ್ನಿ, ಗಾಳಿ ಕಮ್ಮಿ ಇದ್ದಂಗೆ ಕಾಣ್ತದೆ" ಎನ್ನುವನು. ಇಳಿದು, ಬಸ್ಸಿನ ಸುತ್ತ ನಡೆದು, ರಾಡಿನಿಂದ ಬಡಿದು ನೋಡಿದರೆ ಗಾಳಿ ಸರಿಯಾಗಿಯೇ ಇರುತ್ತಿತ್ತು. ದಿನವೂ ಇದೇ ಕತೆ. ಅಷ್ಟರಲ್ಲಿ ಹಿಂದಿನ ಬಸ್ಸು ಬಂದು ಹಾರ್ನ್ ಹೊಡೆಯುತ್ತಿತ್ತು. "ಕಣ್ಣು ಕಾಣಲ್ವೇನೋ ನಿಂಗೆ? ಟೈಮಿಂಗ್ ಹೋಗ್ತದೆ" ಎಂದು ಜನರೆದುರಿಗೇ ರೇಗುತ್ತಿದ್ದೆ. ಅವನು ನಕ್ಕು ಸೀಟಿ ಊದುತ್ತಿದ್ದ.

ಒಂದು ಮಧ್ಯಾಹ್ನ ತೀರ್ಥಹಳ್ಳಿಯಲ್ಲಿ ಸೀಟಿನಿಂದ ಏಳಲಾಗಲಿಲ್ಲ. ಅವನೇ ಹೆಗಲು ಕೊಟ್ಟು ಇಳಿಸಿ, ಆಟೋದಲ್ಲಿ ಡಾಕ್ಟರ ಹತ್ತಿರ ಕರೆದೊಯ್ದ. ಡಾಕ್ಟರಮ್ಮ ಕಾಲೆತ್ತಿಸಿ, ಮಡಚಿಸಿ ನೋಡಿ, "ಬಸ್ಸಲ್ಲಿ ಹೇಗೆ ಕೂರ್ತೀರಿ, ಕೂತು ತೋರಿಸಿ" ಎಂದರು. ಕೂತೆ. ಎಡಕ್ಕೆ ವಾಲಿದ್ದೆ.

"ಜೇಬಲ್ಲಿ ಏನದು?"

ನಾಚಿಕೊಂಡೇ ಡಬ್ಬಿ ತೆಗೆದಿಟ್ಟೆ.

"ಭಾರ ಎತ್ತಿ ಸೊಂಟ ಉಳುಕಿಸಿಕೊಂಡವರು ಬರ್ತಾರೆ, ಡಿಸ್ಕ್ ತೊಂದರೆಯವರೂ ಬರ್ತಾರೆ. ನಿಮ್ಮದು ಈ ಡಬ್ಬಿ. ಇದರ ಮೇಲೇ ಗಂಟೆಗಟ್ಟಲೆ ಕೂತು ಒಳಗಿನ ಸ್ನಾಯು ಬಿಗಿದಿದೆ, ನರ ಒತ್ತುತ್ತಿದೆ. ರಜೆ ಹಾಕಿ, ವ್ಯಾಯಾಮ ಮಾಡಿ, ವಾಸಿಯಾಗುತ್ತೆ. ನಡುವೆ ಇಳಿದು ಓಡಾಡ್ತಿದ್ರಾ?"

"ಹೊಸನಗರದಲ್ಲಿ ದಿನಾ ಟೈರ್ ನೋಡ್ತಿದ್ದೆ."

"ಒಳ್ಳೇದಾಯ್ತು. ಅದೂ ಇಲ್ಲದಿದ್ರೆ ಇನ್ನೂ ಕಷ್ಟ ಆಗ್ತಿತ್ತು."

ಬಾಗಿಲಲ್ಲಿ ನಿಂತಿದ್ದ ಕಂಡಕ್ಟರನತ್ತ ತಿರುಗಿದೆ. ಅವನು ನೆಲ ನೋಡುತ್ತ ಹೇಳಿದ: "ಇಳಿವಾಗ ನೀವು ಕಂಬಿ ಹಿಡ್ಕಳದು ಕಂಡಿದ್ದೆ ಅಣ್ಣಾ. ನೋವಾ ಅಂತ ಕೇಳಿದ್ರೆ ಬೈತಿದ್ರಿ. ಟೈರ್ ಅಂದ್ರೆ ಇಳೀತಿದ್ರಿ."

ಅಷ್ಟು ದಿನ ಬೈದದ್ದೆಲ್ಲ ನೆನಪಾಯಿತು.

ರಜೆ ಮುಗಿಸಿ ಸೀಟಿಗೆ ಮರಳಿ ವರ್ಷವಾಯಿತು. ಡಬ್ಬಿ ಈಗ ಅವನ ಟಿಕೆಟ್ ಬ್ಯಾಗಿನಲ್ಲಿರುತ್ತದೆ. ಹೊಸನಗರದಲ್ಲಿ ಅವನು ಹೇಳುವ ಮೊದಲೇ ಇಳಿದು ಬಸ್ಸಿಗೆ ಒಂದು ಸುತ್ತು ಬರುತ್ತೇನೆ. ಆಮೇಲೆ ಕವಳ ಮಡಚುತ್ತೇನೆ, ಮೊದಲನೆಯದು ಅವನಿಗೆ.