ಮಸ್ಕತ್ತಿನ ಹೋಟೆಲಿನಲ್ಲಿ ಗಟ್ಟಿಮೇಳ

ನೆನಪಿನ ಶಕ್ತಿ ಹೆಚ್ಚಲಿ ಎಂದು ನನ್ನ ಅಣ್ಣ ದಿನಾ ಒಂದೆಲಗದ ಚಟ್ನಿ ತಿನ್ನುತ್ತಾನೆ. ಅವನ ನೆನಪಿನ ಶಕ್ತಿಗೆ ಏನೂ ಆಗಿಲ್ಲ. ಅದು ನನಗೊಬ್ಬನಿಗೇ ಗೊತ್ತು.

ನಮ್ಮದು ಉಡುಪಿ ಕಡೆಯ ವಾದ್ಯದವರ ಮನೆ. ಅಪ್ಪ ಮದುವೆಗಳಲ್ಲಿ ಸ್ಯಾಕ್ಸೋಫೋನ್ ಊದುತ್ತಿದ್ದರು. ಅಣ್ಣನಿಗೆ ಆ ವಿದ್ಯೆ ಹತ್ತಿತು. ನಾನೂ ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಅಪ್ಪನ ಹಿಂದೆ ಹೋದೆ. ನಾನು ಊದಿದ್ದನ್ನು ಒಮ್ಮೆ ಕೇಳಿದ ಅವರು ನನ್ನನ್ನು ಶ್ರುತಿಪೆಟ್ಟಿಗೆಯ ಮುಂದೆ ಕೂರಿಸಿಬಿಟ್ಟರು. ಗಟ್ಟಿಮೇಳಕ್ಕೆ ಮಾತ್ರ ನನಗೂ ಒಂದು ವಾದ್ಯ ಸಿಗುತ್ತಿತ್ತು. ತಾಳಿ ಕಟ್ಟುವ ಹೊತ್ತಿಗೆ ಭಟ್ಟರು ಕೈ ಎತ್ತಿದರೆ ಸಾಕು, ಯಾರು ಸೀನಿದರೂ ಕೇಳಿಸದ ಹಾಗೆ ಎಲ್ಲರೂ ಊದಬೇಕು. ಆ ಗದ್ದಲದಲ್ಲಿ ನನ್ನ ಅಪಸ್ವರ ಯಾರಿಗೂ ತಿಳಿಯುತ್ತಿರಲಿಲ್ಲ.

ಅಣ್ಣನಿಗೆ ಗಟ್ಟಿಮೇಳವೆಂದರೆ ಆಗದು. ಜಾಝ್ ನುಡಿಸಬೇಕೆಂದೇ ಒಮಾನಿಗೆ ಬಂದು, ಮಸ್ಕತ್ತಿನ ಹೋಟೆಲೊಂದರ ಕ್ಲಬ್ಬಿನಲ್ಲಿ ಐದು ಜನರ ಬ್ಯಾಂಡ್ ಕಟ್ಟಿದ. ನಾನು ಅದೇ ಊರಿನ ಅಲ್ ಗುಬ್ರಾದ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತೇನೆ.

ಕಳೆದ ವರ್ಷ ಬ್ಯಾಂಡಿನ ಎರಡನೇ ಸ್ಯಾಕ್ಸೋಫೋನಿನವನು ದುಬೈಗೆ ಹಾರಿದ. ಕರಾರಿನಲ್ಲಿ ಐದು ಜನ ಎಂದಿತ್ತು. ಆ ಕರಾರು ತಿಂಗಳ ಕೊನೆಗೆ ಮುಗಿಯುವುದಿತ್ತು. ಮ್ಯಾನೇಜರೋ, ವೇದಿಕೆಯ ಮೇಲೆ ತಲೆ ಎಣಿಸುವ ಮನುಷ್ಯ. ಕರಾರು ಮುಂದುವರಿಯದಿದ್ದರೆ ಅಣ್ಣ ಮತ್ತೆ ಊರಿನ ಮದುವೆ ಮಂಟಪಕ್ಕೇ ಹೋಗಬೇಕಿತ್ತು.

"ನೀನು ಬಾ ಮಾರಾಯ," ಎಂದ ಅಣ್ಣ. "ಕೋಟು ಹಾಕಿ ನಿಲ್ಲು. ಬೆರಳು ಆಡಿಸು, ಕೆನ್ನೆ ಉಬ್ಬಿಸು. ಅಷ್ಟೇ."

"ತಪ್ಪಿ ಸ್ವರ ಬಂದ್ರೆ?"

"ಬರುದಿಲ್ಲ. ರೀಡ್ ತೆಗ್ದಿಟ್ಟಿದ್ದೇನೆ."

ರೀಡ್ ಎಂದರೆ ಬಾಯಿಗಿಡುವ ತುದಿಗೆ ಕಟ್ಟುವ ತೆಳು ಚೂರು. ಅದಿಲ್ಲದಿದ್ದರೆ ಎಷ್ಟು ಊದಿದರೂ ಸ್ವರ ಹೊರಡುವುದಿಲ್ಲ.

ಎರಡು ಶುಕ್ರವಾರದ ಮಧ್ಯಾಹ್ನಗಳು ಚೆನ್ನಾಗಿಯೇ ಕಳೆದವು. ಎರಡನೆಯ ದಿನ ಊಟಕ್ಕೆ ಬಂದಿದ್ದ ಮೈಸೂರಿನವರೊಬ್ಬರು ನನ್ನ ಕೈ ಕುಲುಕಿದರು. "ಬ್ಯಾಂಡಲ್ಲಿ ನಿಮ್ಮದೇ ಬೆಸ್ಟ್ ಕಣ್ರೀ. ಒಂದು ಸ್ವರನೂ ತಪ್ಪಲಿಲ್ಲ!"

ಇದು ನನ್ನ ತಲೆಗೇರಿತು. ಮೂರನೇ ಶುಕ್ರವಾರ ಅಣ್ಣನ ಪೆಟ್ಟಿಗೆಯಿಂದ ಒಂದು ರೀಡ್ ಕದ್ದು, ಬಾತ್‌ರೂಮಿನಲ್ಲಿ ಕಟ್ಟಿಕೊಂಡೆ. ಎಲ್ಲರ ನಡುವೆ ಒಂದೇ ಒಂದು ಸಣ್ಣ ಸ್ವರ ಊದುವ ಆಸೆ, ಅಷ್ಟೇ.

ಅಂದು ನಮ್ಮೂರ ಕಡೆಯ ಒಂದು ದಂಪತಿಯ ಮದುವೆಯ ಬೆಳ್ಳಿಹಬ್ಬ. ಕರಾರಿನ ತೀರ್ಮಾನವೂ ಅಂದೇ. ಮ್ಯಾನೇಜರ್ ವೇದಿಕೆಯ ಕೆಳಗೇ ನಿಂತಿದ್ದರು. ಗಂಡ ಚಿನ್ನದ ಸರ ತೆಗೆದು ಹೆಂಡತಿಯ ಕೊರಳಿಗೆ ಹಾಕಲು ಹೊರಟರು. ಕೇಕ್ ತನ್ನಿ ಎಂದು ಮ್ಯಾನೇಜರ್ ಅಡುಗೆಮನೆಯ ಕಡೆಗೆ ಕೈ ಎತ್ತಿದರು.

ಎದುರಿಗೆ ಕೊರಳು, ಸರ, ಎತ್ತಿದ ಕೈ. ನಾನು ಕಣ್ಣು ಮುಚ್ಚಿ ಗಟ್ಟಿಮೇಳ ಊದಿಬಿಟ್ಟೆ. ನಮ್ಮ ಡ್ರಮ್ಮಿನವನು ಕುಂದಾಪುರದ ಕಡೆ ಡೋಲು ಬಾರಿಸುತ್ತಿದ್ದವನು. ಅವನ ಕೈಗಳೂ ಕೇಳಲಿಲ್ಲ. ಮುಂದಿನ ಮೇಜಿನ ಅಜ್ಜಿಯೊಬ್ಬರು ಎದ್ದು, ತಟ್ಟೆಯ ಪಲಾವನ್ನೇ ಅಕ್ಷತೆಯೆಂದು ಎಸೆದರು. ಅದರಲ್ಲಿ ಅರ್ಧ ಮ್ಯಾನೇಜರರ ಕೋಟಿನ ಮೇಲೆ ಬಿತ್ತು.

ಹಿಂದಿನ ಕೋಣೆಗೆ ಬಂದ ಅಣ್ಣನ ಮುಖ ಬಿಳಿಚಿತ್ತು. "ಎಂತ ಮಾಡಿದ್ದು ನೀನು?"

"ನಾನೆಂತ ಮಾಡ್ಲಿ? ಸುಮ್ನೆ ಉಸಿರು ಬಿಟ್ಟದ್ದು, ಸ್ವರ ಬಂತು. ನೀನೇ ರೀಡ್ ತೆಗಿಲಿಕ್ಕೆ ಮರ್ತಿದ್ದಿ."

ಸುಮ್ಮನೆ ಉಸಿರು ಬಿಟ್ಟರೆ ಗಟ್ಟಿಮೇಳ ಬರುವುದಿಲ್ಲ ಎಂದು ಅವನಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಡ್ರಮ್ಮಿನ ಪೆಟ್ಟಿಗೆಯ ಮೇಲೆ ಕುಸಿದು ಕೂತ. "ಹೌದಾ? ನಾನು ಮರ್ತೆನಾ?"

ಅಷ್ಟರಲ್ಲಿ ಮ್ಯಾನೇಜರ್ ಕೋಟಿನಿಂದ ಬಟಾಣಿ ಕೊಡವುತ್ತಾ ಒಳಗೆ ಬಂದರು. ದಂಪತಿ ಅವರನ್ನು ತಬ್ಬಿಕೊಂಡು ಅತ್ತಿದ್ದರಂತೆ. ಕರಾರು ಇನ್ನೆರಡು ವರ್ಷಕ್ಕೆ ಖಾಯಂ. ಒಂದೇ ಷರತ್ತು: ಮದುವೆಯ ವಾರ್ಷಿಕೋತ್ಸವ ಬಂದಾಗಲೆಲ್ಲ ಆ ಗದ್ದಲ ಬೇಕೇ ಬೇಕು.

ಯಾವುದರಿಂದ ತಪ್ಪಿಸಿಕೊಳ್ಳಲು ಸಮುದ್ರ ದಾಟಿದನೋ, ಅದನ್ನೇ ನನ್ನ ಅಣ್ಣ ಈಗ ಕೋಟು, ಬೋ ಟೈ ಹಾಕಿಕೊಂಡು ಊದುತ್ತಾನೆ. ಬ್ಯಾಂಡಿಗೆ ಬೇರೆ ಐದನೆಯವನು ಬಂದಿದ್ದಾನೆ. ಅಣ್ಣ ಮಾತ್ರ ಪ್ರತಿಸಲವೂ ರೀಡ್‌ಗಳನ್ನು ಮೂರು ಬಾರಿ ಎಣಿಸುತ್ತಾನೆ. ಒಂದು ಕಮ್ಮಿ ಬಂದು ಗಾಬರಿಯಾಗುತ್ತಾನೆ. ಆ ಒಂದು ನನ್ನ ಟ್ರಂಕಿನಲ್ಲಿದೆ.

ಮೊನ್ನೆ ಸೀಬ್ ಪಟ್ಟಣದ ಅವನ ಮನೆಗೆ ಹೋಗಿದ್ದೆ. ಹೇಳಿಬಿಡಬೇಕೆಂದು ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಿದ್ದೆ. ಅತ್ತಿಗೆ ಊರಿಂದ ತರಿಸಿದ ಒಂದೆಲಗದ ಚಟ್ನಿ ಬಡಿಸುತ್ತಿದ್ದರು.

"ಅಣ್ಣ, ಆ ದಿನದ್ದು..." ಎಂದೆ.

ಅವನು ತಲೆ ಎತ್ತಿದ. "ಯಾವ ದಿನದ್ದು? ಅದನ್ನೂ ಮರ್ತೆನಾ?"

"ಎಂತ ಇಲ್ಲ," ಎಂದೆ. "ಚಟ್ನಿಗೆ ಉಪ್ಪು ಸ್ವಲ್ಪ ಕಮ್ಮಿ."