ಮೂರನೇ ಬೋಸಿಯ ನೀರು

“ತಟ್ಟೆ ತೊಳೆಯೋಕೂ ಕಾಲೇಜಿಗೆ ಹೋಗ್ಬೇಕೇನಮ್ಮಾ?”

ಚಿಂತಾಮಣಿಯ ನಮ್ಮ ಹಾಸ್ಟೆಲ್ಲಿನ ಹಿತ್ತಲಲ್ಲಿ ಸೆಮಿನಾರಿನ ಮಾತನ್ನು ಜೋರಾಗಿ ಅಭ್ಯಾಸ ಮಾಡುತ್ತಿದ್ದೆ. ಪಾತ್ರೆ ತೊಳೆಯುತ್ತಿದ್ದ ವೆಂಕಟಮ್ಮ ಕೇಳಿಯೇಬಿಟ್ಟರು. ಕಂಪ್ಯೂಟರ್ ಚಿಪ್ ತಯಾರಿಸುವ ಸಿಲಿಕಾನ್ ತಟ್ಟೆಗಳನ್ನು ಕಡಿಮೆ ನೀರಿನಲ್ಲಿ ತೊಳೆಯುವುದು ನನ್ನ ಪ್ರಾಜೆಕ್ಟ್. ತಟ್ಟೆಗಳನ್ನು ಒಂದಾದ ಮೇಲೊಂದರಲ್ಲಿ ಅದ್ದಲು ಮೂರು ತೊಟ್ಟಿಗಳಿದ್ದರೆ ಹೊಸ ನೀರು ಕೊನೆಯದಕ್ಕೆ ಮಾತ್ರ, ಅಲ್ಲಿಂದ ಅದೇ ನೀರು ಹಿಂದಿನವಕ್ಕೆ ಎಂದು ವಿವರಿಸಿದೆ.

ವೆಂಕಟಮ್ಮನ ಮುಂದೆಯೂ ಮೂರು ಬೋಸಿಗಳಿದ್ದವು. ಮೊದಲನೆಯದರ ಕೊಳೆನೀರು ಚೆಲ್ಲಿ, ಎರಡನೆಯದರ ನೀರನ್ನು ಅದಕ್ಕೆ ಸುರಿದರು, ಮೂರನೆಯದನ್ನು ಎರಡನೆಯದಕ್ಕೆ. ಹೊಸ ನೀರು ಹಾಕಿದ್ದು ಖಾಲಿಯಾದ ಮೂರನೆಯದಕ್ಕೆ ಮಾತ್ರ.

“ಟ್ಯಾಂಕರ್ ನೀರು ಕಣಮ್ಮ. ಇನ್ನೆಂಗೆ ತೊಳೀತಾರೆ?”

ನನ್ನ ವರದಿಗೆ ‘ನೀರು ಉಳಿಸುವ ಹೊಸ ವಿಧಾನ’ ಎಂದು ಹೆಸರಿಟ್ಟಿದ್ದೆ. ಬೈಂಡಿಂಗಿಗೆ ಕೊಡುವ ಮೊದಲು ‘ಹೊಸ’ ಎಂಬುದನ್ನು ಹೊಡೆದುಹಾಕಿದೆ.