ಒಂದು ಬೊಗಸೆ ತುಂಬೆ

ನಮ್ಮ ಭಾವ ವಾಮದೇವಪ್ಪನವರ ಜೊತೆ ನಾನು ನಲವತ್ತು ವರ್ಷ ಜಗಳವಾಡಿದ್ದೇನೆ. ಅವರು ಹೌದು ಎಂದರೆ ನಾನು ಅಲ್ಲ ಎನ್ನಬೇಕು, ಇಲ್ಲದಿದ್ದರೆ ನನಗೆ ಉಂಡ ಅನ್ನ ಕರಗುತ್ತಿರಲಿಲ್ಲ. ನಮ್ಮ ಅಕ್ಕ ದ್ರಾಕ್ಷಾಯಣಮ್ಮ ನಡುವೆ ಕೂತು ನಗುತ್ತಿದ್ದಳು. ಅವಳಿಗೆ ಏನಾದರೂ ಬೇಕಾಗಿ, ಗಂಡನನ್ನು ಬಾಯಿಬಿಟ್ಟು ಕೇಳಲು ಮನಸ್ಸಿಲ್ಲದಿದ್ದರೆ, ಸುಮ್ಮನೆ ನನ್ನ ಮುಖ ನೋಡುತ್ತಿದ್ದಳು. ಮುಂದಿನದನ್ನು ನಾನು ನೋಡಿಕೊಳ್ಳುತ್ತಿದ್ದೆ. ಆ ಮನೆಗೆ ಮಿಕ್ಸಿ ಬಂದಿದ್ದು, ಮಗಳು ನಯನಾ ಬಿ.ಎಡ್. ಓದಿದ್ದು ಎಲ್ಲ ಹಾಗೆಯೇ.

ಭಾವ ಐಟಿಐ ಓದಿ, ಹರಿಹರದ ಒಂದು ಕಾರ್ಖಾನೆಯಲ್ಲಿ ಪ್ಯಾಟರ್ನ್ ಮಾಡುವ ಕೆಲಸಕ್ಕೆ ಸೇರಿದವರು. ಕಬ್ಬಿಣದಲ್ಲಿ ಎರಕ ಹೊಯ್ಯುವ ಮುಂಚೆ ಆ ಸಾಮಾನನ್ನು ಮೊದಲು ಮರದಲ್ಲಿ ಮಾಡಿ, ಮರಳಿನಲ್ಲಿ ಒತ್ತಿ ಅಚ್ಚು ತೆಗೆಯುತ್ತಾರೆ. ಆ ಮರದ ಕೆಲಸ ಇವರದು. ಕಾದ ಕಬ್ಬಿಣ ಆರಿದ ಮೇಲೆ ಕುಗ್ಗುತ್ತದಂತೆ, ಅದಕ್ಕೇ ಮರದ್ದನ್ನು ಒಂಚೂರು ದೊಡ್ಡದಾಗಿ ಮಾಡಬೇಕಂತೆ. ಅದಕ್ಕಾಗಿ ಅವರ ಹತ್ತಿರ ಒಂದು ಸ್ಟೀಲಿನ ಸ್ಕೇಲ್ ಇತ್ತು. ನಮ್ಮ ನಿಮ್ಮ ಅಡಿಗಿಂತ ಅದರ ಅಡಿ ಒಂದು ಗೆರೆಯಷ್ಟು ಉದ್ದ.

ಕಾರ್ಖಾನೆ ಮುಚ್ಚಿತು. ಭಾವ ದಾವಣಗೆರೆಗೆ ಬಂದು, ಎಸ್.ಎಸ್. ಬಡಾವಣೆಯಲ್ಲಿ ಮನೆ ಮಾಡಿ, ಬಾಗಿಲು, ಕಪಾಟು ಅಂತ ಕೆಲಸ ಹಿಡಿದರು. ಆದರೆ ಆ ಸ್ಕೇಲ್ ಬಿಡಲಿಲ್ಲ. ಆವರಗೆರೆಯ ನಮ್ಮ ಮನೆಗೆ ಅವರು ಮಾಡಿಕೊಟ್ಟ ಅಡುಗೆಮನೆ ಕಪಾಟಿನ ಬಾಗಿಲು ಇವತ್ತಿಗೂ ಪೂರ್ತಿ ಹಾಕಿಕೊಳ್ಳುವುದಿಲ್ಲ.

"ಭಾವ, ಮರ ಏನ್ ಕಬ್ಬಿಣನೇನ್ರಿ ಕುಗ್ಗಾಕೆ?" ಎಂದು ನಾನು ರೇಗಿದ್ದೆ.

"ಒಂಚೂರು ಜಾಸ್ತಿ ಇರ್ಲಿ ಬಿಡು ಕಸ್ತೂರಿ. ಜಾಸ್ತಿ ಇದ್ರೆ ಹೆರೀಬಹುದು. ಕಮ್ಮಿ ಆದ್ರೆ ಏನ್ ಮಾಡ್ತೀಯ?" ಎಂದಿದ್ದರು. ಮೊಮ್ಮಗಳಿಗೆ ಫ್ರಾಕ್ ತಂದರೂ ಅದೇ ಮಾತು, ಅನ್ನಕ್ಕೆ ಅಕ್ಕಿ ಹಾಕಿಸಿದರೂ ಅದೇ ಮಾತು.

ಇನ್ನು ಅಕ್ಕನ ವಿಷಯ. ನಮ್ಮ ತವರು ನಂದಿಗುಡಿ. ಲಿಂಗಕ್ಕೆ ಏರಿಸುವ ಹೂವನ್ನು ಕೈಯಾರೆ ಕಿತ್ತು ತರಬೇಕು, ಕೊಂಡಿದ್ದಾಗಲಿ ಇನ್ನೊಬ್ಬರು ಕಿತ್ತುಕೊಟ್ಟಿದ್ದಾಗಲಿ ಬೇಡ ಎಂದು ನಮ್ಮವ್ವ ನಮಗಿಬ್ಬರಿಗೂ ಕಲಿಸಿದ್ದಳು. ನಾನು ಮದುವೆಯಾದ ವರ್ಷವೇ ಅದನ್ನು ಬಿಟ್ಟೆ. ಅಕ್ಕ ಬಿಡಲಿಲ್ಲ. ಅವಳಿಗೆ ತುಂಬೆ ಹೂವೆಂದರೆ ಪ್ರಾಣ. ಬಡಾವಣೆಯ ಖಾಲಿ ಸೈಟುಗಳಲ್ಲಿ ಬಗ್ಗಿ ಬಗ್ಗಿ ಆರಿಸಿ, ಸೆರಗು ತುಂಬಾ ಬಿಳಿ ಹೂ ತರುತ್ತಿದ್ದಳು. ಎಡಗೈ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು, ಬಲಗೈಯಿಂದ ಒಂದೊಂದೇ ಹೂ ಏರಿಸುವಾಗ ಅವಳನ್ನು ಯಾರೂ ಮಾತಾಡಿಸುವಂತಿರಲಿಲ್ಲ.

ಸೈಟುಗಳಲ್ಲಿ ಮನೆಗಳು ಎದ್ದವು, ಅಕ್ಕನ ಮೊಣಕಾಲು ಕೈಕೊಟ್ಟವು. ಬಗ್ಗಲು ಆಗದು. ಹೋದ ವರ್ಷ ಯುಗಾದಿ ಹೊತ್ತಿಗೆ ಅವಳ ಪೂಜೆ ಬರೀ ನೀರು, ವಿಭೂತಿಗೆ ಬಂದು ನಿಂತಿತ್ತು. ನಾನು ಆವರಗೆರೆಯಿಂದ ಹೂ ಕಿತ್ತು ತಂದರೆ, "ನೀನು ಕಿತ್ತಿದ್ದು ನಿನ್ನ ಲಿಂಗಕ್ಕೆ ಏರಿಸ್ಕಳೇ" ಎಂದು ವಾಪಸ್ ಕೊಟ್ಟಳು. ಮೊಂಡಿ.

ಆಗ ಭಾವ ಉಳಿ, ಬಾಚಿ ಹೊರಗೆ ತೆಗೆದರು. ನೆಲ ಅವಳ ಕೈಗೆ ಎಟುಕದಿದ್ದರೆ ನೆಲವನ್ನೇ ಮೇಲಕ್ಕೆ ಎತ್ತುತ್ತೇನೆ ಎಂದು ಹಟ. ಸಾಮಿಲ್ಲಿನಿಂದ ಬೇವಿನ ಹಲಗೆ ತಂದರು, ಗೆದ್ದಲು ಹತ್ತಬಾರದಲ್ಲ. ನಾಲ್ಕಡಿ ಉದ್ದ, ಎರಡಡಿ ಅಗಲದ ಪೆಟ್ಟಿಗೆ, ಕೆಳಗೆ ನಾಲ್ಕು ಕಾಲು. ನೀರು ಬಸಿಯಲೆಂದು ತಳಕ್ಕೆ ತೂತು ಕೊರೆದು, ಒಳಗೆ ಗೊಬ್ಬರದ ಚೀಲ ಹಾಸಿ, ಹೊರಗೆ ಹೊಂಗೆ ಎಣ್ಣೆ ಒರೆಸಿದರು. ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರದ ಜೊತೆಗೆ ಮಂಡಕ್ಕಿ ಭಟ್ಟಿಯಿಂದ ಸುಟ್ಟ ಹೊಟ್ಟು ತಂದು ಬೆರೆಸಿದರು. ಅಕ್ಕನನ್ನು ಗೋಡೆಗೆ ನಿಲ್ಲಿಸಿ, ಅವಳ ಸೊಂಟದ ಎತ್ತರವನ್ನು ಅದೇ ಸ್ಕೇಲಿನಿಂದ ಅಳೆದರು. ಬೀದಿಯವರೆಲ್ಲ ನಕ್ಕರು. ತುಂಬೆ ಅಂದರೆ ಕಳೆ, ಕಳೆಗೆ ಯಾರಾದರೂ ಮಂಚ ಮಾಡಿಸುತ್ತಾರೆಯೇ!

ನಾನೇ ಆವರಗೆರೆಯ ಬಯಲಿನಿಂದ ಹೂ ಬಿಟ್ಟ ಗಿಡಗಳನ್ನು ಬೇರುಸಹಿತ ಕಿತ್ತು ತಂದು ನೆಟ್ಟೆ. ಎರಡೇ ದಿನಕ್ಕೆ ಬಾಡಿ ಬಿದ್ದವು. ಎಳೇ ಸಸಿಯೇ ಆಗಬೇಕು, ಅದಕ್ಕೆ ಮಳೆಗಾಲ ಬರಬೇಕು ಎಂದು ಕಾದೆವು. ಮಳೆ ಬರುವ ಮುಂಚೆ ಅಕ್ಕನಿಗೆ ಲಕ್ವ ಹೊಡೆಯಿತು. ಎಡಭಾಗ ಪೂರ್ತಿ ಹೋಯಿತು. ಆಸ್ಪತ್ರೆಯಿಂದ ಗಾಲಿ ಕುರ್ಚಿಯಲ್ಲಿ ಮನೆಗೆ ಬಂದಳು. ಕುರ್ಚಿಯಲ್ಲಿ ಕೂತರೆ ಆ ಪೆಟ್ಟಿಗೆ ಅವಳ ಗದ್ದಕ್ಕೆ ಬರುತ್ತಿತ್ತು.

ಭಾವ ಮತ್ತೆ ಉಳಿ ಹಿಡಿದರು. ಮಣ್ಣೆಲ್ಲ ತೋಡಿ ಹಾಕಿ, ಕಾಲುಗಳನ್ನು ಗರಗಸದಿಂದ ಕೊಯ್ದು, ಕುರ್ಚಿಯ ಎತ್ತರಕ್ಕೆ ಇಳಿಸಿದರು. ಕುರ್ಚಿ ಒಳಗೆ ನುಗ್ಗುವಂತೆ ಮುಂದಿನ ಹಲಗೆಯನ್ನೂ ಹಿಂದಕ್ಕೆ ಸರಿಸಿದರು. ಮಳೆ ಬಂತು, ನಾನು ಸಸಿ ತಂದೆ, ಅವು ಹಿಡಿದುಕೊಂಡವು. ಗೇಣುದ್ದ ಬೆಳೆದಾಗ ಅಕ್ಕನಿಗೆ ಎರಡನೇ ಸಲ ಹೊಡೆಯಿತು. ಈ ಸಲ ಕೂಡಲೂ ಆಗದೆ ಮಂಚ ಹಿಡಿದಳು. ನಾನು ಹಿತ್ತಲಿಗೆ ಹೋಗಿ ಆ ಪೆಟ್ಟಿಗೆಯ ಮುಂದೆ ನಿಂತು ಗಳಗಳ ಅತ್ತೆ. ಇಂಥಾ ಕೆಟ್ಟ ಗಳಿಗೆ ಯಾರಿಗೂ ಬರಬಾರದು.

ಮಾರನೇ ದಿನ ಹೋದರೆ ಭಾವ ಮತ್ತೆ ಹಲಗೆ ಹೆರೆಯುತ್ತಿದ್ದರು.

"ಸಾಕು ಮಾಡ್ರಿ ಭಾವ. ಎಷ್ಟು ಅಂತ ಮಾಡ್ತೀರಿ?" ಎಂದೆ.

"ಅವಳು ಇಳ್ದಂಗೆ ನಾನೂ ಇಳಿಸ್ತೀನಿ. ಮಂಚದ ಮಟ್ಟ ಐತಲ್ಲ ಇನ್ನೂ," ಎಂದರು. ತಲೆ ಎತ್ತಲಿಲ್ಲ.

ಈ ಸಲದ ಪೆಟ್ಟಿಗೆ ಸಣ್ಣದು, ಹಸುಗೂಸಿನ ತೊಟ್ಟಿಲಿನಷ್ಟು. ಕೆಳಗೆ ಗಾಲಿ. ಗಿಡಗಳನ್ನು ಹೆಂಟೆ ಒಡೆಯದಂತೆ ಎತ್ತಿ ಅದಕ್ಕೆ ಕೂಡಿಸಿದರು. ಹಗಲೆಲ್ಲ ಬಿಸಿಲಿಗೆ ತಳ್ಳುವುದು, ಬೆಳಗ್ಗೆ ಪೂಜೆ ಹೊತ್ತಿಗೆ ಮಂಚದ ಬಲಗಡೆಗೆ ತರುವುದು. ಅಕ್ಕನ ಬಲಗೈ ಇನ್ನೂ ಆಡುತ್ತಿತ್ತು. ಎಡಗೈ ಅಂಗೈಯಲ್ಲಿ ಭಾವ ಲಿಂಗ ಇಟ್ಟು ಕೆಳಗೆ ದಿಂಬು ಕೊಟ್ಟರೆ, ಬಲಗೈಯಿಂದ ತಾನೇ ವಿಭೂತಿ ಧರಿಸುತ್ತಿದ್ದಳು. ಆಮೇಲೆ ಗಿಡದ ಮೇಲೆ ಕೈ ಆಡಿಸಿ, ಹೂವಿಲ್ಲದ್ದು ಗೊತ್ತಾಗಿ, ಕೈ ವಾಪಸ್ ತೆಗೆದುಕೊಳ್ಳುತ್ತಿದ್ದಳು. ದಿನವೂ ಇದೇ. ಮಾತು ತೊದಲುತ್ತಿತ್ತು, ಆದರೆ ಒಂದು ಮಾತು ಚೆನ್ನಾಗಿಯೇ ಬರುತ್ತಿತ್ತು. "ಬಿಟ್ವಾ?"

ಶ್ರಾವಣ ಮುಗಿದು ಎರಡು ವಾರಕ್ಕೆ ಹೂ ಬಿಟ್ಟವು. ಆವತ್ತು ನಾನು ಅಲ್ಲೇ ಇದ್ದೆ. ಹಸಿರು ಗೊಂಡೆಗಳ ನಡುವೆ ಬರೀ ಎರಡು, ಅಕ್ಕಿ ಕಾಳಿಗಿಂತ ಒಂಚೂರು ದೊಡ್ಡ ಬಿಳಿ ಹೂ. ಅಕ್ಕನ ಬೆರಳು ಹೋಗಿ ಅವಕ್ಕೆ ತಾಗಿತು. ಅವಳ ಮುಖ ಅರಳಿದ್ದನ್ನು ನೋಡಬೇಕಿತ್ತು ನೀವು.

"ತಡಿ ತಡಿ," ಎಂದರು ಭಾವ. "ಎರಡೇ ಅದಾವೆ. ಗೊಂಡೆ ಎಲ್ಲಾ ತುಂಬೈತೆ ನೋಡು, ಇನ್ನೆರಡು ದಿನ ತಡಿ, ಬೊಗಸೆ ತುಂಬಾ ಆಗ್ತಾವೆ. ಸೆರಗು ತುಂಬಾ ತರಾಕಿ ನೀನು, ಎರಡು ಹೂವು ಏರಿಸ್ತೀಯಾ?" ಅವರ ಕಣ್ಣಲ್ಲಿ ನೀರು ತುಂಬಿತ್ತು. ಅಕ್ಕನಿಗೆ ಲಕ್ವ ಹೊಡೆದ ಮೇಲೆ ಅವರು ನಕ್ಕಿದ್ದು ಅವತ್ತೇ.

ಅಕ್ಕ ಕೈ ತೆಗೆಯಲಿಲ್ಲ. ನನ್ನ ಮುಖ ನೋಡಿದಳು.

ನನಗೆ ಭಾವನ ನಗು ಕೆಡಿಸಲು ಮನಸ್ಸಾಗಲಿಲ್ಲ. "ಹೌದಕ್ಕ, ತಡಿ. ಎರಡು ದಿನ ತಾನೇ," ಎಂದೆ. ಅಕ್ಕ ಕೈ ಹಿಂದಕ್ಕೆ ತೆಗೆದುಕೊಂಡಳು.

ಮೂರನೇ ದಿನ ಬೆಳಗ್ಗೆ ಏಳು ಗಂಟೆಗೆ ನಯನಾ ಫೋನ್ ಮಾಡಿದಳು. ಅಕ್ಕ ಮುಂಜಾನೆಯೇ ಹೋಗಿಬಿಟ್ಟಿದ್ದಳು.

ನಾನು ಹೋದಾಗ ಪೆಟ್ಟಿಗೆ ಮಂಚದ ಪಕ್ಕದಲ್ಲೇ ಇತ್ತು. ಗೊಂಡೆಗೊಂಡೆಯೂ ಬಿಳುಪಾಗಿತ್ತು. ಭಾವ ಹೇಳಿದ ಹಾಗೆಯೇ ಬೊಗಸೆ ತುಂಬಾ, ಇನ್ನೂ ಒಂಚೂರು ಜಾಸ್ತಿಯೇ. ಹಿರಿಯರು ಯಾರೋ ಏರಿಸಲೆಂದು ಹೂವಿಗೆ ಕೈ ಹಾಕಿದರು. ಭಾವ ಅವರ ಕೈ ಹಿಡಿದುಕೊಂಡರು.

"ಮುಟ್ಟಬ್ಯಾಡ್ರಿ. ಅವಳು ಇನ್ನೊಬ್ರು ಕಿತ್ತಿದ್ದು ಏರಿಸಂಗಿಲ್ಲ."

ಅಕ್ಕನನ್ನು ಕೂಡಿಸಿದರು, ಅಂಗೈಯಲ್ಲಿ ಲಿಂಗ ಇಟ್ಟರು, ಬಿಲ್ವಪತ್ರೆ ಏರಿಸಿದರು. ಮಣ್ಣಿಗೆ ಹೋಗುವಾಗ ಭಾವ ಆ ಪೆಟ್ಟಿಗೆಯನ್ನೂ ಗಾಡಿಗೆ ಹಾಕಿಸಿದರು. ಗುಂಡಿ ಮುಚ್ಚಿ, ಎಲ್ಲರೂ ಒಂದೊಂದು ಹಿಡಿ ಮಣ್ಣು ಕೊಟ್ಟಾದ ಮೇಲೆ, ತಾವೇ ಪೆಟ್ಟಿಗೆಯ ಒಂದು ಮಗ್ಗುಲಿನ ಹಲಗೆ ಬಿಚ್ಚಿ, ಗಿಡಗಳನ್ನು ಬೇರುಸಹಿತ ಅವಳ ಮೇಲೆ ನೆಟ್ಟರು.

ನಾನು ಪಕ್ಕದಲ್ಲಿ ಕೂತು ನೀರು ಹಾಕಿದೆ. ಆಗ ಭಾವ ನನ್ನ ಕಡೆ ತಿರುಗಿದರು. "ಎರಡು ಇದ್ದಾಗ್ಲೇ ಕಿತ್ಕಳಾಕೆ ಬಿಡಬೇಕಿತ್ತು ಕಸ್ತೂರಿ. ಜಲ್ಮೆಲ್ಲಾ ನನ್ ಮಾತಿಗೆ ಅಡ್ಡ ಹಾಕಿದಾಕಿ, ಅವತ್ತೊಂದಿನ ಯಾಕ ಸುಮ್ನಾದೆ?"

ಬೈಗುಳವಾಗಿದ್ದರೆ ತಿರುಗಿ ಬೈಯುತ್ತಿದ್ದೆ. ಅವರು ನಿಜವಾಗಿಯೂ ಕೇಳುತ್ತಿದ್ದರು. ಅವತ್ತು ಅಕ್ಕನೂ ನನ್ನ ಮುಖ ನೋಡಿ ಕೇಳಿದ್ದು ಆ ಅಡ್ಡಮಾತನ್ನೇ, ನಾನು ಮಾತ್ರ ಗೊತ್ತಾಗಿಯೂ ತಡಿ ಎಂದೆ.